ಗೊತ್ತಿಲ್ಲ, ನೋಡಿ ಹೇಳುತ್ತೇನೆ: ಪಾಠಶಾಲೆಯಲ್ಲಿ ಗುರುಗಳು ಕಲಿಸಬಹುದಾದ ಒಂದು ದೊಡ್ಡ ಪಾಠ

ಭಾನುವಾರ ಬೆಳಿಗ್ಗೆ ಬಸದಿಯ ಪಾಠಶಾಲೆಯಲ್ಲಿ ನಿರ್ವಾಣ ಕಲ್ಯಾಣದ ಪಾಠ ನಡೆಯುತ್ತಿದೆ ಎಂದುಕೊಳ್ಳಿ. ಭಗವಾನ್ ಮಹಾವೀರರು ಕಾರ್ತಿಕ ಕೃಷ್ಣ ಅಮಾವಾಸ್ಯೆಯಂದು ಮೋಕ್ಷಕ್ಕೆ ಹೋದರು ಎಂದು ಪುಸ್ತಕದಲ್ಲಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿ, "ಅಕ್ಕಾ, ನಮ್ಮ ಮನೆ ಕ್ಯಾಲೆಂಡರಿನಲ್ಲಿ ದೀಪಾವಳಿ ಅಮಾವಾಸ್ಯೆ ಆಶ್ವಯುಜ ಮಾಸದಲ್ಲಿದೆ. ಕಾರ್ತಿಕ ಶುರುವಾಗುವುದೇ ಮರುದಿನ. ಹಾಗಾದರೆ ಯಾವುದು ಸರಿ?" ಎಂದು ಕೇಳುತ್ತಾಳೆ.

ಪಾಠ ಹೇಳುವ ಅಕ್ಕನಿಗೆ ಉತ್ತರ ಗೊತ್ತಿಲ್ಲ. ಅವರ ಮುಂದೆ ಮೂರು ದಾರಿಗಳಿವೆ. "ಪುಸ್ತಕದಲ್ಲಿ ಇದ್ದದ್ದು ಓದು, ಅಧಿಕ ಪ್ರಸಂಗ ಬೇಡ" ಎಂದು ಬಾಯಿ ಮುಚ್ಚಿಸಬಹುದು. "ಕ್ಯಾಲೆಂಡರಿನಲ್ಲಿ ತಪ್ಪಾಗಿರಬೇಕು" ಎಂದು ತೋಚಿದ್ದನ್ನು ಹೇಳಿ ಮುಂದೆ ಹೋಗಬಹುದು. "ನನಗೆ ಗೊತ್ತಿಲ್ಲಮ್ಮ. ಒಳ್ಳೆಯ ಪ್ರಶ್ನೆ. ಬಾ, ಪಂಚಾಂಗ ತೆಗೆದು ಇಬ್ಬರೂ ನೋಡೋಣ" ಎನ್ನಬಹುದು.

ಮೊದಲ ಎರಡು ದಾರಿಗಳಿಂದ ಆ ದಿನದ ತರಗತಿ ಮುಗಿಯುತ್ತದೆ. ಆದರೆ ಹುಡುಗಿ ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕುತ್ತಾಳೆ. ಗುರುಗಳು ಹೇಳಿದ್ದು ಸರಿಯಲ್ಲ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಅಲ್ಲಿಂದ ಮುಂದೆ ಜೀವ, ಕರ್ಮ, ಅಹಿಂಸೆ ಎಂದು ಅದೇ ಗುರುಗಳು ಎಷ್ಟು ಸರಿಯಾಗಿ ಹೇಳಿದರೂ ಅವಳ ಮನಸ್ಸಿನಲ್ಲಿ ಒಂದು ಅನುಮಾನ ಉಳಿದೇ ಉಳಿಯುತ್ತದೆ. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಪಾಠಶಾಲೆ ಬಿಡುತ್ತಾರೆ ಎಂದು ಹಿರಿಯರು ಕೊರಗುತ್ತಾರೆ. ಟ್ಯೂಷನ್, ಪರೀಕ್ಷೆ ಎಂಬ ಕಾರಣಗಳು ಇದ್ದೇ ಇವೆ. ಕೇಳಿದ ಪ್ರಶ್ನೆಗೆ ನೇರ ಉತ್ತರ ಸಿಗದೆ ಮಕ್ಕಳು ಕೇಳುವುದನ್ನೇ ನಿಲ್ಲಿಸುವುದೂ ಒಂದು ಕಾರಣ ಎಂಬುದನ್ನು ಮರೆಯಬಾರದು.

ಎಲ್ಲವನ್ನೂ ಬಲ್ಲವರು ಕೇವಲಿಗಳು ಮಾತ್ರ

ಗುರುಗಳಿಗೆ ಎಲ್ಲವೂ ಗೊತ್ತಿರಬೇಕು ಎಂಬ ನಿರೀಕ್ಷೆ ಲೋಕದಲ್ಲಿದೆ. ಜೈನ ಸಿದ್ಧಾಂತ ಹಾಗೆ ಹೇಳುವುದಿಲ್ಲ. ಜ್ಞಾನಾವರಣೀಯ ಕರ್ಮ ಪೂರ್ಣವಾಗಿ ಕ್ಷಯವಾದವರು ಮಾತ್ರ ಸರ್ವಜ್ಞರು. ಉಳಿದವರೆಲ್ಲರೂ ಛದ್ಮಸ್ಥರು, ಅಂದರೆ ಜ್ಞಾನದ ಮೇಲೆ ಆವರಣ ಉಳಿದವರು. ಮಹಾನ್ ಆಚಾರ್ಯರೂ ಈ ಮಾತಿಗೆ ಹೊರತಲ್ಲ. ಹಾಗಿರುವಾಗ ಪಾಠಶಾಲೆಯ ಶಿಕ್ಷಕರು "ನನಗೆ ಇದು ತಿಳಿಯದು" ಎಂದರೆ ಅದು ನಾಚಿಕೆಯ ಮಾತಲ್ಲ, ಸಿದ್ಧಾಂತಕ್ಕೆ ಒಪ್ಪುವ ಮಾತು.

ತತ್ತ್ವಾರ್ಥಸೂತ್ರದ ಒಂಬತ್ತನೇ ಅಧ್ಯಾಯದಲ್ಲಿ ಬರುವ 22 ಪರೀಷಹಗಳಲ್ಲಿ ಎರಡು ಈ ವಿಷಯಕ್ಕೇ ಸಂಬಂಧಿಸಿವೆ. ಒಂದು ಪ್ರಜ್ಞಾ ಪರೀಷಹ: ತಾನು ಬಹಳ ಬಲ್ಲವನು ಎಂಬ ಗರ್ವ ಬಾರದಂತೆ ನೋಡಿಕೊಳ್ಳುವುದು. ಇನ್ನೊಂದು ಅಜ್ಞಾನ ಪರೀಷಹ: "ಇವನಿಗೆ ಏನೂ ಗೊತ್ತಿಲ್ಲ" ಎಂದು ಜನ ಆಡಿಕೊಂಡರೂ ಕುಗ್ಗದಿರುವುದು. ಒಂದು ಹೆಚ್ಚು ತಿಳಿದವರ ಕಷ್ಟ, ಇನ್ನೊಂದು ಕಡಿಮೆ ತಿಳಿದವರ ಕಷ್ಟ. ನೋಡಲು ಇವು ಒಂದಕ್ಕೊಂದು ವಿರುದ್ಧ. ಆದರೂ ಎರಡೂ ಜ್ಞಾನಾವರಣ ಕರ್ಮ ಇರುವಾಗಲೇ ಬರುತ್ತವೆ ಎಂದು ಸೂತ್ರಕಾರರು ಹೇಳುತ್ತಾರೆ. ತಿಳಿವಳಿಕೆಯ ಗರ್ವ ಬರುವುದೂ ಇನ್ನೂ ತಿಳಿಯಬೇಕಾದದ್ದು ಉಳಿದಿರುವವರಿಗೇ. ತರಗತಿಯಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತೋರಿಸಿಕೊಳ್ಳಬೇಕು ಅನ್ನಿಸಿದಾಗ ಈ ಎರಡು ಪರೀಷಹಗಳನ್ನು ನೆನೆದರೆ ಸಾಕು.

ಇದಕ್ಕೆ ಇನ್ನೊಂದು ಮುಖವೂ ಇದೆ. ಅದೇ ಗ್ರಂಥದ ಆರನೇ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ 'ನಿಹ್ನವ' ಎಂಬ ದೋಷ ಬರುತ್ತದೆ. ಗೊತ್ತಿದ್ದೂ ಯಾವುದೋ ಕಾರಣಕ್ಕೆ "ಗೊತ್ತಿಲ್ಲ" ಎಂದು ಮರೆಮಾಚುವುದೇ ನಿಹ್ನವ. ಹೇಳುವ ಶ್ರಮ ತಪ್ಪಿಸಿಕೊಳ್ಳಲು, ಅಥವಾ ಇನ್ನೊಬ್ಬರು ತನ್ನಷ್ಟು ತಿಳಿಯಬಾರದು ಎಂಬ ಮತ್ಸರದಿಂದ "ಗೊತ್ತಿಲ್ಲ" ಎಂದರೆ ಅದೂ ತಪ್ಪೇ. ಆದ್ದರಿಂದ "ಗೊತ್ತಿಲ್ಲ" ಎಂಬ ಮಾತು ನಿಜವಾಗಿರಬೇಕು, ಅದರ ಹಿಂದೆ ಹುಡುಕುವ ಕೆಲಸವೂ ಇರಬೇಕು.

ಪ್ರಥಮ ಗಣಧರರೂ ಉತ್ತರ ಗೊತ್ತಿಲ್ಲದೆಯೇ ಹೊರಟವರು

ಇಂದ್ರಭೂತಿ ಗೌತಮರ ಕಥೆಯನ್ನು ಮಕ್ಕಳೆಲ್ಲರೂ ಕೇಳಿರುತ್ತಾರೆ. ಮಹಾವೀರರಿಗೆ ಕೇವಲಜ್ಞಾನವಾದ ಮೇಲೂ ಗಣಧರರಿಲ್ಲದೆ 66 ದಿನ ದಿವ್ಯಧ್ವನಿ ಹೊರಡಲಿಲ್ಲ ಎಂಬುದು ದಿಗಂಬರ ಪರಂಪರೆ. ಆಗ ಇಂದ್ರನು ವೇಷ ಮರೆಸಿಕೊಂಡು ಹೋಗಿ, ವೇದವಿದ್ಯೆಯಲ್ಲಿ ಹೆಸರಾಗಿದ್ದ ಇಂದ್ರಭೂತಿಯ ಮುಂದೆ ಒಂದು ಗಾಥೆಯನ್ನಿಟ್ಟು ಅರ್ಥ ಕೇಳಿದ. ಪಂಚಾಸ್ತಿಕಾಯ, ಷಡ್ಜೀವನಿಕಾಯಗಳ ಆ ಮಾತು ಇಂದ್ರಭೂತಿಗೆ ಅರ್ಥವಾಗಲಿಲ್ಲ. "ನಿನ್ನ ಗುರುವಿನ ಬಳಿಗೇ ಹೋಗೋಣ" ಎಂದು ಹೊರಟರು. ವಿಪುಲಾಚಲದ ಸಮವಸರಣದಲ್ಲಿ ಮಾನಸ್ತಂಭವನ್ನು ಕಂಡಾಗ ಅಭಿಮಾನ ಕರಗಿತು. ವಾದಕ್ಕೆಂದು ಹೋದವರು ಶಿಷ್ಯರಾದರು, ಪ್ರಥಮ ಗಣಧರರಾದರು.

ಈ ಕಥೆಯಲ್ಲಿ ಮಾನ ಕರಗಿದ್ದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲಿನ ಒಂದು ಹೆಜ್ಜೆಯನ್ನು ಮಕ್ಕಳಿಗೆ ತೋರಿಸುವುದು ಒಳ್ಳೆಯದು. ಇಂದ್ರಭೂತಿ ಆ ಗಾಥೆಗೆ ಏನೋ ಒಂದು ಅರ್ಥ ಕಟ್ಟಿ ಹೇಳಿ ಕಳುಹಿಸಬಹುದಿತ್ತು. ಹಾಗೆ ಮಾಡಲಿಲ್ಲ, ತಿಳಿದವರಿರುವ ಕಡೆಗೆ ನಡೆದರು.

ಶ್ವೇತಾಂಬರ ಪರಂಪರೆಯ ಉಪಾಸಕದಶಾಂಗದಲ್ಲಿ ಗೌತಮರದೇ ಇನ್ನೊಂದು ಪ್ರಸಂಗವಿದೆ. ಆನಂದ ಶ್ರಾವಕನು ತನಗೆ ಅವಧಿಜ್ಞಾನವಾಗಿದೆ ಎಂದು ಅದರ ವ್ಯಾಪ್ತಿಯನ್ನು ತಿಳಿಸಿದಾಗ, ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲ, ಹೀಗೆ ಹೇಳಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೋ ಎಂದು ಗೌತಮರು ಹೇಳಿದರು. ನಿಜ ಹೇಳಿದವರಿಗೂ ಪ್ರಾಯಶ್ಚಿತ್ತವಿದೆಯೇ ಎಂದು ಆನಂದ ವಿನಯದಿಂದ ಕೇಳಿದ. ಗೌತಮರಿಗೆ ಸಂದೇಹವಾಯಿತು. ಭಗವಂತರ ಬಳಿ ಹೋಗಿ ಕೇಳಿದರು. ತಪ್ಪು ತಮ್ಮದೇ ಎಂದು ತಿಳಿದ ಕೂಡಲೇ ಹಿಂದಿರುಗಿ ಶ್ರಾವಕನ ಬಳಿ ಕ್ಷಮೆ ಕೇಳಿದರು. ಗಣಧರರು ಗೃಹಸ್ಥನೊಬ್ಬನ ಕ್ಷಮೆ ಕೇಳಿದರೆ ಅವರ ಗೌರವ ಕಡಿಮೆಯಾಗಲಿಲ್ಲ. ಕಳೆದ ವಾರ ತಪ್ಪು ಹೇಳಿದ್ದರೆ ಈ ವಾರ "ನಾನು ಹೇಳಿದ್ದು ತಪ್ಪು, ಸರಿಯಾದದ್ದು ಹೀಗಿದೆ" ಎನ್ನಲು ಪಾಠಶಾಲೆಯ ಗುರುಗಳಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ವೀರಸೇನಾಚಾರ್ಯರ ಪದ್ಧತಿ

ಕರ್ನಾಟಕದ ಜೈನರಿಗೆ ಇನ್ನೂ ಹತ್ತಿರದ ಉದಾಹರಣೆ ಧವಲಾ ಟೀಕೆ. ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಈ ಟೀಕೆ 816ರಲ್ಲಿ ಮುಗಿಯಿತು. ಅದರ ಪ್ರಮಾಣ 72,000 ಶ್ಲೋಕಗಳಷ್ಟು ಎನ್ನುತ್ತಾರೆ. ಅದರ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದು ಬಂದವು.

ಇಷ್ಟು ದೊಡ್ಡ ಗ್ರಂಥ ಬರೆದವರು ಸಂದೇಹದ ಜಾಗಗಳಲ್ಲಿ ಏನು ಮಾಡಿದರು? ಕ್ಷಪಕ ಶ್ರೇಣಿಯಲ್ಲಿ ಮೊದಲು 16 ಕರ್ಮಪ್ರಕೃತಿಗಳು ಕ್ಷಯವಾಗಿ ನಂತರ 8 ಕಷಾಯಗಳು ಕ್ಷಯವಾಗುತ್ತವೆಯೋ, ಅಥವಾ ಮೊದಲು 8 ಕಷಾಯಗಳೋ ಎಂಬ ಬಗ್ಗೆ ಎರಡು ಪ್ರಾಚೀನ ಉಪದೇಶಗಳಿದ್ದವು. ಎರಡರಲ್ಲಿ ಯಾವುದು ಸತ್ಯ ಎಂಬ ಪ್ರಶ್ನೆಯನ್ನು ವೀರಸೇನರು ತಾವೇ ಎತ್ತುತ್ತಾರೆ. ಅದನ್ನು ಕೇವಲಿಗಳು ಅಥವಾ ಶ್ರುತಕೇವಲಿಗಳು ಬಲ್ಲರು, ಈಗ ಅವರಿಲ್ಲ, ಆದ್ದರಿಂದ ಪಾಪಭೀರುಗಳಾದ ಆಚಾರ್ಯರು ಎರಡನ್ನೂ ಸಂಗ್ರಹಿಸಿಡಬೇಕು ಎಂಬುದು ಅವರ ನಿಲುವು. ಬೇರೆ ಕಡೆಗಳಲ್ಲಿ ದಕ್ಷಿಣದ ಪರಂಪರೆ ಹೀಗೆ, ಉತ್ತರದ ಪರಂಪರೆ ಹೀಗೆ ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಆಧಾರ ಸಿಕ್ಕ ಕಡೆ ಖಚಿತವಾಗಿ ನಿರ್ಣಯ ಕೊಡುತ್ತಾರೆ. ಸಿಗದ ಕಡೆ ನಿರ್ಣಯವನ್ನು ಬಿಟ್ಟುಕೊಡುತ್ತಾರೆ.

ಆಧುನಿಕ ಕಾಲದಲ್ಲಿ ಇದೇ ಗ್ರಂಥವನ್ನು ಅಚ್ಚು ಮಾಡಿದವರೂ ಇದೇ ದಾರಿಯಲ್ಲಿ ನಡೆದರು. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಹೊರಬಂತು. ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಆ.ನೇ. ಉಪಾಧ್ಯೆ ಅವರ ಸಹಕಾರವೂ ಆ ಕೆಲಸಕ್ಕಿತ್ತು. ಆಗ ಸಂಪಾದಕರ ಕೈಯಲ್ಲಿದ್ದದ್ದು ನಕಲು ಪ್ರತಿಗಳು. 93ನೇ ಸೂತ್ರದಲ್ಲಿ 'ಸಂಜದ' ಎಂಬ ಒಂದು ಪದ ಬಿಟ್ಟುಹೋಗಿರಬೇಕು ಎಂದು ಅವರಿಗೆ ಅನ್ನಿಸಿತು. ಆದರೆ ಕೈಯಲ್ಲಿದ್ದ ಪ್ರತಿಯಲ್ಲಿ ಅದು ಇರಲಿಲ್ಲ. ಅವರು ಪದವನ್ನು ಸುಮ್ಮನೆ ಮೂಲದಲ್ಲಿ ಸೇರಿಸಿಬಿಡಲಿಲ್ಲ, ತಮ್ಮ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಒಂದು ಪದದ ಮೇಲೆ ವಿದ್ವಾಂಸರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮುಂದೆ ಮೂಡುಬಿದಿರೆಯ ತಾಳೆಗರಿಗಳನ್ನು ನೋಡಿದಾಗ ಆ ಪದ ಅಲ್ಲಿ ಸಿಕ್ಕಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದಿಟ್ಟದ್ದರಿಂದ, ಮೂಲ ಪ್ರತಿಯನ್ನು ನೋಡಿ ಪರಿಹರಿಸುವ ದಾರಿ ತೆರೆದಿತ್ತು.

ಪ್ರಶ್ನೆ ಕೇಳುವುದು ಅಶ್ರದ್ಧೆಯೇ?

ಹಿರಿಯರಿಗೆ ಒಂದು ಅಳುಕು ಇರುವುದುಂಟು. ಸಮ್ಯಗ್ದರ್ಶನದ ಮೊದಲ ಅಂಗವೇ ನಿಃಶಂಕಿತ. ಹಾಗಿದ್ದಮೇಲೆ ಮಕ್ಕಳು ಹೀಗೆ ಸಂದೇಹ ಎತ್ತಬಹುದೇ?

ಇದಕ್ಕೆ ಉತ್ತರ ಸ್ವಾಧ್ಯಾಯದ ಭೇದಗಳಲ್ಲೇ ಇದೆ. ಸ್ವಾಧ್ಯಾಯ ಐದು ವಿಧ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದಿದ ಕೂಡಲೇ ಬರುವ ಎರಡನೆಯ ಹೆಜ್ಜೆಯೇ ಕೇಳುವುದು. ಸ್ವಾಧ್ಯಾಯವು ಆಭ್ಯಂತರ ತಪವಾದ್ದರಿಂದ ಕೇಳುವುದೂ ತಪಸ್ಸೇ. ಸಂದೇಹ ಪರಿಹಾರಕ್ಕೆ ಅಥವಾ ತಿಳಿದದ್ದನ್ನು ಗಟ್ಟಿ ಮಾಡಿಕೊಳ್ಳಲು ಕೇಳುವುದು ಪೃಚ್ಛನಾ. ಗುರುಗಳನ್ನು ಸೋಲಿಸಲು, ನಗೆಪಾಟಲು ಮಾಡಲು ಕೇಳುವುದು ಪೃಚ್ಛನಾ ಅಲ್ಲ. ಪುರಾಣಗಳನ್ನು ನೋಡಿದರೂ ಶ್ರೇಣಿಕ ಮಹಾರಾಜ ಕೇಳುತ್ತಾನೆ, ಗೌತಮ ಗಣಧರರು ಹೇಳುತ್ತಾರೆ. ಶ್ರೇಣಿಕ ಸುಮ್ಮನೆ ಕುಳಿತಿದ್ದರೆ ಕಥೆಯೇ ಮುಂದೆ ಸಾಗುತ್ತಿರಲಿಲ್ಲ.

ಹುಡುಕುವುದನ್ನು ತೋರಿಸುವುದು ಹೇಗೆ: ಮೂರು ಉದಾಹರಣೆಗಳು

"ಗೊತ್ತಿಲ್ಲ" ಎಂದಷ್ಟೇ ಹೇಳಿದರೆ ಅರ್ಧ ಕೆಲಸ. ಉತ್ತರ ಎಲ್ಲಿ ಸಿಗುತ್ತದೆ, ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಮಕ್ಕಳು ಕಣ್ಣಾರೆ ನೋಡಬೇಕು.

*ಕಾರ್ತಿಕವೋ, ಆಶ್ವಯುಜವೋ?* ಮೊದಲು ಕೇಳಿದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಪಂಚಾಂಗ ಬಿಡಿಸಿದರೆ ವಿಷಯ ತಿಳಿಯುತ್ತದೆ. ಉತ್ತರ ಭಾರತದಲ್ಲಿ ಮಾಸವನ್ನು ಹುಣ್ಣಿಮೆಯಿಂದ ಹುಣ್ಣಿಮೆಗೆ ಎಣಿಸುತ್ತಾರೆ. ನಮ್ಮಲ್ಲಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಶುಕ್ಲಪಕ್ಷದಲ್ಲಿ ಎರಡೂ ಕಡೆ ಮಾಸದ ಹೆಸರು ಒಂದೇ. ಕೃಷ್ಣಪಕ್ಷದಲ್ಲಿ ಉತ್ತರದವರು ಒಂದು ಮಾಸ ಮುಂದಿರುತ್ತಾರೆ. ಅವರ ಕಾರ್ತಿಕ ಕೃಷ್ಣ ಅಮಾವಾಸ್ಯೆಯೇ ನಮ್ಮ ಆಶ್ವಯುಜ ಬಹುಳ ಅಮಾವಾಸ್ಯೆ. ದಿನ ಒಂದೇ, ಹೆಸರು ಎರಡು. ಪುಸ್ತಕವೂ ಸರಿ, ಕ್ಯಾಲೆಂಡರೂ ಸರಿ. ಹೀಗೆಯೇ ವೀರಶಾಸನ ಜಯಂತಿ ಪುಸ್ತಕದಲ್ಲಿ ಶ್ರಾವಣ ಕೃಷ್ಣ ಪ್ರತಿಪದೆ ಎಂದಿರುತ್ತದೆ. ನಮ್ಮ ಪಂಚಾಂಗದಲ್ಲಿ ಅದು ಆಷಾಢ ಹುಣ್ಣಿಮೆಯ ಮರುದಿನ. ಚೈತ್ರ ಶುದ್ಧ ತ್ರಯೋದಶಿಯ ಮಹಾವೀರ ಜಯಂತಿಗೆ ಈ ಗೊಂದಲ ಏಕಿಲ್ಲ ಎಂದು ಮಕ್ಕಳನ್ನೇ ಕೇಳಿದರೆ ಅವರೇ ಹೇಳುತ್ತಾರೆ.

*ಗೊಮ್ಮಟೇಶ್ವರ ಮೂರ್ತಿ ಯಾವ ವರ್ಷದ್ದು?* 981 ಎಂದು ಎಲ್ಲರೂ ಹೇಳುತ್ತಾರೆ. 1981ರಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕವೂ ನಡೆಯಿತು. ಆದರೆ ಹುಡುಗನೊಬ್ಬ 983 ಎಂದು ಬೇರೆಲ್ಲೋ ಓದಿ ಬಂದು ಕೇಳಿದರೆ? ಮೂರ್ತಿಯ ಪಾದದ ಬಳಿಯ ಶಾಸನಗಳು ಇದನ್ನು ಮಾಡಿಸಿದವನು ಚಾವುಂಡರಾಯ ಎಂದು ಕನ್ನಡ, ತಮಿಳು, ಮರಾಠಿಗಳಲ್ಲಿ ಹೇಳುತ್ತವೆ, ವರ್ಷ ಹೇಳುವುದಿಲ್ಲ. ಹಾಗಾದರೆ ವರ್ಷ ಎಲ್ಲಿಂದ ಬಂತು? ಚಾವುಂಡರಾಯನೇ 978ರಲ್ಲಿ ಮುಗಿಸಿದ ಪುರಾಣದಲ್ಲಿ ಮೂರ್ತಿಯ ಮಾತಿಲ್ಲ. 993ರ ರನ್ನನ ಅಜಿತಪುರಾಣದಲ್ಲಿ ಅತ್ತಿಮಬ್ಬೆ ಅಲ್ಲಿಗೆ ದರ್ಶನಕ್ಕೆ ಹೋದ ಪ್ರಸ್ತಾಪವಿದೆ. ಹೀಗಾಗಿ ಮೂರ್ತಿ ಈ ಎರಡರ ನಡುವಿನ ಕಾಲದ್ದು ಎಂದು ವಿದ್ವಾಂಸರು ಲೆಕ್ಕ ಹಾಕಿದರು. 981 ಎಂಬುದು ಹೆಚ್ಚಿನವರು ಒಪ್ಪಿರುವ ವರ್ಷ. ವರ್ಷವನ್ನು ಬಾಯಿಪಾಠ ಮಾಡಿದ ಮಗುವಿಗಿಂತ, ವರ್ಷ ಹೇಗೆ ಸಿಕ್ಕಿತು ಎಂದು ತಿಳಿದ ಮಗುವಿಗೆ ಬೆಳಗೊಳದ ಬೆಟ್ಟ ಹತ್ತುವಾಗ ನೋಡಲು ಹೆಚ್ಚು ಇರುತ್ತದೆ.

*ಒಂದು ಹನಿ ನೀರಿನಲ್ಲಿ ಎಷ್ಟು ಜೀವಗಳು?* ಸೂಕ್ಷ್ಮದರ್ಶಕದಲ್ಲಿ ಇಷ್ಟೇ ಸಾವಿರ ಜೀವಿಗಳು ಕಂಡವು ಎಂಬ ಒಂದು ಸಂಖ್ಯೆ ಕರಪತ್ರಗಳಲ್ಲಿ, ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಮೂಲ ತಿಳಿಯದೆ ಅದನ್ನು ಪಾಠದಲ್ಲಿ ಹೇಳದಿರುವುದೇ ಕ್ಷೇಮ. ಕೊಳದ ಒಂದು ಹನಿ, ನಲ್ಲಿಯ ಒಂದು ಹನಿ ಎರಡರಲ್ಲೂ ಜೀವಿಗಳ ಸಂಖ್ಯೆ ಒಂದೇ ಇರಲು ಸಾಧ್ಯವಿಲ್ಲ ಎಂದು ವಿಜ್ಞಾನ ಓದುವ ಮಗು ಸಹಜವಾಗಿ ಹೇಳುತ್ತದೆ. ಶಾಸ್ತ್ರ ಹೇಳುವುದು ಬೇರೆಯೇ ಮಾತು: ನೀರನ್ನೇ ದೇಹವಾಗಿ ಉಳ್ಳ ಏಕೇಂದ್ರಿಯ ಜೀವಗಳು ಜಲಕಾಯಿಕಗಳು. ನೀರಿನಲ್ಲಿ ಓಡಾಡುವ ತ್ರಸಜೀವಿಗಳು ಬೇರೆ. ಸೂಕ್ಷ್ಮದರ್ಶಕದಲ್ಲಿ ಓಡಾಡುತ್ತ ಕಾಣುವ ಜೀವಿಗಳು ಜಲಕಾಯಿಕಗಳಲ್ಲ. ಬಟ್ಟೆಯಲ್ಲಿ ನೀರು ಸೋಸುವುದು, ಆ ಬಟ್ಟೆಯನ್ನು ತಿರುವಿ ಅದೇ ನೀರಿನ ಮೂಲಕ್ಕೆ ಬಿಡುವುದು ತ್ರಸಜೀವಿಗಳ ರಕ್ಷಣೆಗೆ. ಈ ವ್ಯತ್ಯಾಸ ತಿಳಿಸಿದರೆ ಅಜ್ಜಿ ನಲ್ಲಿಗೆ ಬಟ್ಟೆ ಕಟ್ಟುವುದರ ಅರ್ಥವೂ ಮಗುವಿಗೆ ತಿಳಿಯುತ್ತದೆ.

ಪಾಠಶಾಲೆಯಲ್ಲಿ ರೂಢಿಗೆ ತರಲು

- ಒಂದು ಪ್ರಶ್ನೆ ಪುಸ್ತಕ ಇಡುವುದು. ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಿದ ಮಗುವಿನ ಕೈಯಲ್ಲೇ ತಾರೀಖು ಹಾಕಿ ಬರೆಸುವುದು.
- ಉತ್ತರ ಹೇಳುವ ದಿನವನ್ನು ಅಲ್ಲೇ ಹೇಳುವುದು. "ಮುಂದಿನ ಭಾನುವಾರ ನೋಡಿಕೊಂಡು ಬರುತ್ತೇನೆ" ಎಂದರೆ ಮುಂದಿನ ಭಾನುವಾರ ಮೊದಲ ಮಾತು ಅದೇ ಆಗಿರಬೇಕು. ಮರೆತರೆ "ಗೊತ್ತಿಲ್ಲ" ಎಂದದ್ದು ತಪ್ಪಿಸಿಕೊಳ್ಳಲು ಎಂದೇ ಮಕ್ಕಳು ತಿಳಿಯುತ್ತಾರೆ.
- ಪ್ರಶ್ನೆ ಯಾವ ಜಾತಿಯದು ಎಂದು ವಿಂಗಡಿಸುವುದು. ಸಿದ್ಧಾಂತದ ಪ್ರಶ್ನೆಗೆ ಶಾಸ್ತ್ರ, ಇತಿಹಾಸದ ಪ್ರಶ್ನೆಗೆ ಶಾಸನ ಮತ್ತು ಕಾವ್ಯ, ಊರಿನ ಆಚರಣೆಯ ಪ್ರಶ್ನೆಗೆ ಹಿರಿಯರು ಮತ್ತು ಬಸದಿಯ ಪುರೋಹಿತರು, ವಿಜ್ಞಾನದ ಪ್ರಶ್ನೆಗೆ ಶಾಲೆಯ ಶಿಕ್ಷಕರು. ಒಂದರ ಉತ್ತರವನ್ನು ಇನ್ನೊಂದರಲ್ಲಿ ಹುಡುಕಿದರೆ ಗೊಂದಲ ಹೆಚ್ಚುತ್ತದೆ.
- ಉತ್ತರದ ಜೊತೆಗೆ ಅದು ಸಿಕ್ಕ ಜಾಗವನ್ನೂ ಬರೆಯುವುದು. ಜ್ಞಾನಾಚಾರದ ಎಂಟು ಅಂಗಗಳಲ್ಲಿ ಅನಿಹ್ನವವೂ ಒಂದು: ಯಾರಿಂದ ಕಲಿತೆವೋ ಆ ಗುರುವಿನ, ಆ ಗ್ರಂಥದ ಹೆಸರು ಮುಚ್ಚಿಡದಿರುವುದು.
- ದಿಗಂಬರ, ಶ್ವೇತಾಂಬರ ಪರಂಪರೆಗಳಲ್ಲಿ ಅಥವಾ ಇಬ್ಬರು ಆಚಾರ್ಯರಲ್ಲಿ ಮತಭೇದ ಇದ್ದರೆ ಎರಡನ್ನೂ ಹೆಸರಿಸಿ ಹೇಳುವುದು.
- ಮೊಬೈಲಿನಲ್ಲಿ ಸಿಕ್ಕ ಉತ್ತರವನ್ನು ಕೊನೆಯ ಮಾತೆಂದು ತಿಳಿಯದೆ, ಯಾವ ಗ್ರಂಥ, ಯಾವ ಅಧ್ಯಾಯ ಎಂದು ನೋಡಿ ಆ ಗ್ರಂಥವನ್ನೇ ತೆಗೆಯುವುದು.

ಕೇಳಲು ಸ್ಥಳಗಳಿಗೂ ಕೊರತೆಯಿಲ್ಲ. ಚಾತುರ್ಮಾಸದಲ್ಲಿ ಮುನಿಸಂಘ, ಆರ್ಯಿಕಾ ಮಾತಾಜಿಯವರು ಊರಿನಲ್ಲಿದ್ದರೆ ಪ್ರವಚನದ ನಂತರ ಶಂಕಾ ಸಮಾಧಾನಕ್ಕೆ ಮಕ್ಕಳನ್ನು ಪ್ರಶ್ನೆ ಪುಸ್ತಕದೊಂದಿಗೆ ಕರೆದೊಯ್ಯಬಹುದು. ಜೈನ ಮಠಗಳ ಗ್ರಂಥಭಂಡಾರಗಳಿವೆ. ಶ್ರವಣಬೆಳಗೊಳದಲ್ಲಿ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನಾ ಸಂಸ್ಥೆ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವಿದೆ. ಬೆಳಗೊಳದ ಶಾಸನಗಳಿಗೆ ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟವಿದೆ.

ಎಲ್ಲಿ "ಗೊತ್ತಿಲ್ಲ" ಸಲ್ಲದು

ಪಾಠಕ್ಕೆ ತಯಾರಿ ಇಲ್ಲದೆ ಬಂದು ಪ್ರತಿಯೊಂದಕ್ಕೂ "ನೋಡಿ ಹೇಳುತ್ತೇನೆ" ಎನ್ನುವುದು ವಿನಯವಲ್ಲ, ಪ್ರಮಾದ. ಣಮೋಕಾರ ಮಂತ್ರದ ಅರ್ಥ, ಪಂಚ ಪರಮೇಷ್ಠಿಗಳ ಸ್ವರೂಪ, 24 ತೀರ್ಥಂಕರರ ಹೆಸರು ಮತ್ತು ಲಾಂಛನ, ಅಣುವ್ರತಗಳು, ಆ ದಿನದ ಪಾಠ ಇಷ್ಟಂತೂ ಗುರುಗಳಿಗೆ ಗಟ್ಟಿಯಾಗಿರಬೇಕು. ತಿಳಿದದ್ದನ್ನು ಖಚಿತವಾಗಿ ಹೇಳುವವರು "ಇದು ಗೊತ್ತಿಲ್ಲ" ಎಂದಾಗ ಮಾತ್ರ ಆ ಮಾತಿಗೆ ತೂಕ.

ಮನೆಯಲ್ಲಿಯೂ ಇದೇ ಮಾತು. ಮಗು ಪಾಠಶಾಲೆಯಿಂದ ಬಂದು "ನಮ್ಮ ಅಕ್ಕನಿಗೆ ಉತ್ತರ ಗೊತ್ತಿರಲಿಲ್ಲ" ಎಂದರೆ ತಂದೆ ತಾಯಿ "ಎಂಥವರನ್ನು ಪಾಠಕ್ಕೆ ಹಾಕಿದ್ದಾರೆ" ಎನ್ನಬಾರದು. ಪಾಠಶಾಲೆಗಳಲ್ಲಿ ಕಲಿಸುವವರಲ್ಲಿ ಬಹಳಷ್ಟು ಮಂದಿ ಮನೆ, ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಬರುವ ಶ್ರಾವಕ ಶ್ರಾವಿಕೆಯರು. "ಹಾಗಾದರೆ ನಾವೂ ಪಂಚಾಂಗ ನೋಡೋಣ ಬಾ" ಎಂದು ದೇವರ ಕೋಣೆಯಿಂದ ಪಂಚಾಂಗ ತೆಗೆದರೆ ಆಯಿತು.

ಪ್ರಶ್ನೆ ಪುಸ್ತಕದಲ್ಲಿ ಕೆಲವು ಪ್ರಶ್ನೆಗಳು ವರ್ಷ ಕಳೆದರೂ ಉತ್ತರವಿಲ್ಲದೆ ಉಳಿಯುತ್ತವೆ. ಅವನ್ನು ಹೊಡೆದುಹಾಕುವುದು ಬೇಡ. ಮುಂದಿನ ಚಾತುರ್ಮಾಸಕ್ಕೆ, ಮುಂದಿನ ತರಗತಿಗೆ ಅವು ಹಾಗೆಯೇ ಹೋಗಲಿ. ವೀರಸೇನರು ಬಿಟ್ಟುಕೊಟ್ಟ ನಿರ್ಣಯಗಳೂ 1,200 ವರ್ಷಗಳಿಂದ ಹಾಗೆಯೇ ಇವೆ.